ಪಾತ್ರಕ್ಕೆ ನ್ಯಾಯ

ಹನ್ನೊಂದು ವರ್ಷ ಒಂದೇ ವಾಕ್ಯ ಬರೆದೆ:
‘ಕಲಾವಿದರು ಪಾತ್ರಕ್ಕೆ ನ್ಯಾಯ ಒದಗಿಸಿದರು.’
ದಾವಣಗೆರೆಯ ಸಂಜೆ ಪತ್ರಿಕೆಯಲ್ಲಿ ನಾಲ್ಕಂಗುಲ ನಾಟಕ ವಿಮರ್ಶೆ,
ಪಕ್ಕದಲ್ಲಿ ಹತ್ತಿ ಧಾರಣೆ, ಕೆಳಗೆ ಮೂಲವ್ಯಾಧಿಯ ಜಾಹೀರಾತು.
ಎಂಥ ನ್ಯಾಯ, ಯಾವ ಕೋರ್ಟಿನಲ್ಲಿ,
ಯಾರೂ ಕೇಳಲಿಲ್ಲ.

ಆಮೇಲೆ ಆ ಪುಸ್ತಕ ಸಿಕ್ಕಿತು,
ರೈಲ್ವೆ ಗೇಟಿನ ಹತ್ತಿರ ರದ್ದಿ ಅಂಗಡಿಯಲ್ಲಿ, ತೂಕದ ಲೆಕ್ಕಕ್ಕೆ.
ಪೋಲೆಂಡಿನ ನಾಟಕ. ಕ್ರೊಯೇಷಿಯಾದ ಹೆಂಗಸೊಬ್ಬಳು
ತನ್ನ ಭಾಷೆಗೆ ತಂದದ್ದನ್ನು ಇನ್ಯಾರೋ ಇಂಗ್ಲಿಷಿಗೆ ದಾಟಿಸಿ,
ಮೂರು ಹೊಳೆ ಈಜಿದ ಎಮ್ಮೆಯ ಹಾಗೆ
ಬಂದು ನಿಂತಿತ್ತು ನನ್ನೆದುರು, ಮೈಯೆಲ್ಲ ಕೆಸರು.

ಮುನ್ನುಡಿ ಅವಳದೇ. ಯಾಗೊದಾ ಅಂತ ಹೆಸರು.
ಇಪ್ಪತ್ತೆರಡರ ಪ್ರಾಯಕ್ಕೆ ಪೋಲೆಂಡಿನ ಯಾವುದೋ ಊರಲ್ಲಿ
ಕಲ್ಲಿದ್ದಲು ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ
ನಲವತ್ತು ಜನರ ನಡುವೆ ಕೂತು ನೋಡಿದಳಂತೆ:
ಪರದೆ ಇಲ್ಲ, ಬಣ್ಣ ಇಲ್ಲ,
ನಟನ ಬೆವರು ಅವಳ ಮೊಣಕಾಲ ಮೇಲೆ ಬಿತ್ತಂತೆ.
ಊರಿಗೆ ಮರಳಿ ವಿಮರ್ಶೆಗೆ ಕೂತರೆ
‘ಚೆನ್ನಾಗಿತ್ತು’ ಎಂಬ ಪದ ಪೆನ್ನಿಗೇ ಇಳಿಯದು.
ಆರು ತಿಂಗಳು ಸುಮ್ಮನಿದ್ದು, ಭಾಷಾಂತರ ಹಿಡಿದಳು,
ಹೊಗಳುವುದಕ್ಕಿಂತ ಹೊರುವುದು ವಾಸಿ ಎಂದು.

ಅದನ್ನು ಓದಿದ ವಾರ ನನ್ನ ನಾಲ್ಕಂಗುಲ ಖಾಲಿ.
ಸಂಪಾದಕರು ಅಲ್ಲಿ ಹಲ್ಲುಪುಡಿ ಹಾಕಿಕೊಂಡರು.

ರಾತ್ರಿಗಳಲ್ಲಿ ಕನ್ನಡಕ್ಕೆ ತರತೊಡಗಿದೆ.
ಮೊದಲ ಪುಟಕ್ಕೇ ಒಂದು ಪದ ಎಡವಿತು: ಪ್ರುಬಾ.
ಅಡಿಟಿಪ್ಪಣಿ ಹೇಳಿತು: ನಾಟಕದ ಅಭ್ಯಾಸವೂ ಹೌದು,
ಪರೀಕ್ಷೆಯೂ ಹೌದು, ಒಂದು ಕೈ ನೋಡೇಬಿಡುವುದೂ ಹೌದು.
ಇಂಗ್ಲಿಷಿನವನು ಮೂರು ಕಡೆ ಮೂರು ಪದ ಇಟ್ಟು ಒದ್ದಾಡಿದ್ದ.
ನಮಗೇನು ಕಷ್ಟ, ತಾಲೀಮು ಅಂದೆ.
ಹೊಂಡದ ಸರ್ಕಲ್ಲಿನ ಆಚೆ ಗರಡಿಯಲ್ಲಿ ಪೈಲ್ವಾನರು ಮಾಡುವುದೂ ಅದೇ,
ಕಂಪನಿಯ ಚಪ್ಪರದಲ್ಲಿ ನಮ್ಮ ತಿಪ್ಪೇಶಿ ಮಾವ
ಸೈಡ್‌ವಿಂಗಿನಿಂದ ಮಾತು ಪಿಸುಗುಟ್ಟಿ ಮಾಡಿಸುತ್ತಿದ್ದುದೂ ಅದೇ.

ಸೋಲಿಸಿದ್ದು ಅವಳ ಹೆಸರು.
ನಾಟಕದಲ್ಲಿ ಸಾಯುವ ಮುದುಕಿ ಕೇಳುವುದು ಒಂದು ಹಿಡಿ ಯಾಗೊದಾ.
ಪೋಲಿಷಿನಲ್ಲಿ ಅದು ಕಾಡಿನ ಕಪ್ಪು ಹಣ್ಣು;
ಸದ್ದು ಅದೇ, ಅವಳ ಭಾಷೆಯಲ್ಲಿ ಕೆಂಪು ಸ್ಟ್ರಾಬೆರಿ.
ಎರಡನ್ನೂ ತಿಂದವನಲ್ಲ ನಾನು.
ಆನಗೋಡಿನ ಬೇಲಿಯ ಬಾರೆಹಣ್ಣು ಹಾಕಿದೆ.

ಗರಡಿಯ ಕೆಮ್ಮಣ್ಣಿನಲ್ಲೇ ಆಟ.
ಮುದುಕಿಯಾಗಿ ಕೊಟ್ರಬಸಮ್ಮ, ಒಂದು ಕಾಲಕ್ಕೆ ಕಂಪನಿಯ ಮಹಾರಾಣಿ,
ಈಗ ಚಮನ್‌ಸಾಬರ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುವಾಕೆ.
ಹರಾಜಿಗೆ ಹೋದ ಅರಮನೆ ಪರದೆಯೂ ಅದೇ ಭಟ್ಟಿಯಲ್ಲಿದೆ,
ಕಂಬ ಕಮಾನುಗಳ ಸಮೇತ ಮಂಡಕ್ಕಿ ರಾಶಿಗೆ ಹೊದಿಕೆಯಾಗಿ.

‘ಪರದೆ ಎಲ್ಲೈತ್ರೀ?’
ಇಲ್ಲ ಅಂದೆ.
‘ಲೈಟು?’
ಒಂದು ಬಲ್ಬು.
ಪೋಲೆಂಡಿನವರು ಬೇಕಂತಲೇ ಎಲ್ಲ ಬಿಟ್ಟರು ಎಂದು ವಿವರಿಸಿದೆ.
ಆಕೆ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದು,
‘ಕಂಪನಿ ಮುಳುಗೋ ವರ್ಷ ನಾವೂ ಹಿಂಗೇ ಆಡಿದ್ವಿ, ಏನೂ ಇಲ್ದೆ.
ಅದಕ್ಕೆ ಬಡತನ ಅಂತಿದ್ವಿ.
ಅವ್ರು ಏನಂತಾರೆ?’

ಇದಕ್ಕೆ ಅಡಿಟಿಪ್ಪಣಿ ಇರಲಿಲ್ಲ.

ರಾತ್ರಿ ಆಕೆ ಮಣ್ಣಿನ ಮೇಲೆ ಮಲಗಿ
ಗಂಟಲು ಏರಿಸದೆ ಬಾರೆಹಣ್ಣು ಕೇಳಿದಳು.
ಮುಂದೆ ಕೂತ ಗರಡಿ ಹುಡುಗನೊಬ್ಬ
ತನಗೇ ಗೊತ್ತಿಲ್ಲದೆ ಜೇಬಿಗೆ ಕೈ ಹಾಕಿದ.

ನನ್ನದೇ ಅನುವಾದ, ನನ್ನದೇ ವಿಮರ್ಶೆ,
ಊರಲ್ಲಿ ಬೇರೆ ಯಾರಿದ್ದಾರೆ?
ಅಷ್ಟೇ ಬರೆದೆ: ಆಕೆ ಕೇಳಿದಳು, ಹುಡುಗ ಜೇಬು ತಡಕಿದ.
ಸಂಜೆ ಪತ್ರಿಕೆ ಬಿಡಿಸಿದರೆ,
ಜಾಗ ಉಳಿಯಿತೆಂದು ಕರಡು ತಿದ್ದುವ ಪರಸಪ್ಪ ಸೇರಿಸಿದ್ದಾನೆ:
‘ಕಲಾವಿದರು ಪಾತ್ರಕ್ಕೆ ನ್ಯಾಯ ಒದಗಿಸಿದರು.’

ಆ ಸಾಲನ್ನು ನೀಲಿ ಪೆನ್ಸಿಲಿನಲ್ಲಿ ಹೊಡೆದು, ಕತ್ತರಿಸಿ,
ಹಣ್ಣಿನ ವಿಚಾರಕ್ಕೆ ಕ್ಷಮೆ ಕೇಳಿ ಒಂದು ಚೀಟಿಯಿಟ್ಟು
ಜಾಗ್ರೆಬ್ ವಿಳಾಸಕ್ಕೆ ಅಂಚೆಗೆ ಹಾಕಿದೆ.

ಮೂರು ತಿಂಗಳಿಗೆ ಒಂದು ಕಾರ್ಡು.
ಹೊಡೆದದ್ದೇನೆಂದು ಅವಳು ಕೇಳಿಲ್ಲ.
ನಡುಗುವ ಮುದಿ ಅಕ್ಷರದಲ್ಲಿ
ನಿಮ್ಮ ಆ ಹಣ್ಣು
ಹುಳಿಯೋ, ಸಿಹಿಯೋ?